ನೆಚ್ಚಿನ ಹತ್ತು ಸಿನಿಮಾ: ಎಲ್ಲರೂ ರಾಜಕುಮಾರ್ ಅಂದರೂ ‘ಮುಂಗಾರು ಮಳೆ’ ಗೆದ್ದದ್ದು ಯಾಕೆ?

ಪ್ರಶ್ನೆ: ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಮನೆಯವರೆಲ್ಲ ಸೇರಿ ಒಂದು ಆಟ ಆಡಿದೆವು. ಒಂಬತ್ತು ಜನ, ತಲಾ ಒಂದು ಚೀಟಿ. ನೆಚ್ಚಿನ ಹತ್ತು ಕನ್ನಡ ಸಿನಿಮಾ ಬರೆಯಬೇಕು. ಬರೆಯುವ ತನಕ ಎಲ್ಲರಿಗೂ ಖುಷಿ. ಓದಲು ಶುರು ಮಾಡಿದ್ದೇ ಜಗಳ. ನನ್ನ ಚೀಟಿಯಲ್ಲಿ ‘ಗಣೇಶನ ಮದುವೆ’ ಇತ್ತು. ಚಿಕ್ಕಪ್ಪ ನಕ್ಕರು. “‘ಘಟಶ್ರಾದ್ಧ’ ಇಲ್ಲದ ಪಟ್ಟಿ ಪಟ್ಟಿನೇ ಅಲ್ಲ” ಅಂದರು. ನಾನು ಅದನ್ನು ನೋಡಿಯೇ ಇಲ್ಲ. ತಮ್ಮ ‘ಕೆಜಿಎಫ್’ ಬರೆದಿದ್ದ, ಯಾರು ಏನೇ ಹೇಳಿದರೂ ಫೋನಿನಲ್ಲಿ ಐಎಂಡಿಬಿ ಅನ್ನುವ ಸಿನಿಮಾ ಜಾಲತಾಣದ ರೇಟಿಂಗ್ ತೋರಿಸುತ್ತಿದ್ದ. ಎಲ್ಲ ಚೀಟಿ ಎಣಿಸಿದಾಗ ಮೊದಲು ಬಂದದ್ದು ‘ಮುಂಗಾರು ಮಳೆ’. ಒಂಬತ್ತು ಚೀಟಿಯಲ್ಲೂ ರಾಜಕುಮಾರ್ ಸಿನಿಮಾ ಇದ್ದವು, ಆದರೆ ಮೊದಲ ಐದರಲ್ಲಿ ಒಂದೂ ಬರಲಿಲ್ಲ. ಅಪ್ಪನಿಗೆ ಅದೇ ಬೇಜಾರು. ದೀಪಾವಳಿಗೆ ಮತ್ತೆ ಎಲ್ಲರೂ ಸೇರುತ್ತೇವೆ. ಇಂಥ ಪಟ್ಟಿ ಮಾಡುವುದಕ್ಕೆ ಸರಿಯಾದ ದಾರಿ ಅಂತ ಇದೆಯಾ? ನಾನು ‘ಘಟಶ್ರಾದ್ಧ’ ಸೇರಿಸಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅಪ್ಪನ ಬೇಜಾರಿನಿಂದಲೇ ಶುರು ಮಾಡೋಣ. ಇಡೀ ಜಗಳದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಸಂಗತಿ ಅದೇ. ನೀವು ಎಣಿಸಿದ್ದರಲ್ಲಿ ತಪ್ಪಿಲ್ಲ. ಅವರು ಬೇಜಾರು ಮಾಡಿಕೊಂಡದ್ದೂ ತಪ್ಪಲ್ಲ. ಅಲ್ಲಿ ಆಗಿರುವುದು ಮತ ಒಡೆದದ್ದು.

ರಾಜಕುಮಾರ್ 1954ರ ‘ಬೇಡರ ಕಣ್ಣಪ್ಪ’ದಿಂದ 2000ದ ‘ಶಬ್ದವೇಧಿ’ಯ ತನಕ 200ಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಾಯಕರಾಗಿದ್ದವರು. ಅಷ್ಟರಲ್ಲಿ ಒಬ್ಬೊಬ್ಬರ ರಾಜಕುಮಾರ್ ಒಂದೊಂದು. ಅಪ್ಪ ‘ಬಂಗಾರದ ಮನುಷ್ಯ’ ಬರೆದಿರುತ್ತಾರೆ. ಅಮ್ಮ ‘ಎರಡು ಕನಸು’. ಅಜ್ಜಿ ‘ಸತ್ಯ ಹರಿಶ್ಚಂದ್ರ’ ಅಥವಾ ‘ಭಕ್ತ ಕುಂಬಾರ’. ಇನ್ನೊಬ್ಬರು ‘ಕಸ್ತೂರಿ ನಿವಾಸ’, ಮತ್ತೊಬ್ಬರು ‘ಮಯೂರ’, ಹುಡುಗರು ‘ಗಂಧದ ಗುಡಿ’. ನಿಮ್ಮ ಚೀಟಿಗಳನ್ನು ನಾನು ನೋಡಿಲ್ಲ, ಆದರೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಅಂದರೆ ಒಂಬತ್ತು ಜನರ ಪ್ರೀತಿ ಏಳೆಂಟು ಸಿನಿಮಾಗಳಿಗೆ ಹಂಚಿಹೋಯಿತು. ಒಂದೊಂದಕ್ಕೆ ಸಿಕ್ಕಿದ್ದು ಒಂದೋ ಎರಡೋ ಮತ. ‘ಮುಂಗಾರು ಮಳೆ’ಗೆ ಆ ಕಷ್ಟ ಇಲ್ಲ. ಈಚಿನ ಕಾಲದ ಒಂದು ಪ್ರೇಮಕಥೆ ಬರೀಬೇಕು ಅಂದಾಗ ಎಲ್ಲರ ಕೈ ಹೋಗುವುದು ಅದೇ ಹೆಸರಿಗೆ. ಐದು ಜನ ಬರೆದರೂ ಸಾಕು, ಗೆದ್ದುಬಿಡುತ್ತದೆ.

ಇದು ನಿಮ್ಮ ಮನೆಯ ತೊಂದರೆ ಮಾತ್ರ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಪಟ್ಟಿಗೂ ಇದೇ ಆಗಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತದೆ. 2002ರಲ್ಲಿ ‘ಗಾಡ್‌ಫಾದರ್’ನ ಮೊದಲ ಎರಡು ಭಾಗಗಳ ಮತಗಳನ್ನು ಒಟ್ಟಿಗೆ ಎಣಿಸಿದರು. ಅದು ನಾಲ್ಕನೇ ಸ್ಥಾನಕ್ಕೆ ಬಂತು. 2012ರಲ್ಲಿ ನಿಯಮ ಬದಲಾಯಿತು, ಎರಡನ್ನೂ ಬೇರೆ ಬೇರೆ ಎಣಿಸಿದರು. ಎರಡೂ ಮೊದಲ ಹತ್ತರಿಂದ ಹೊರಗೆ ಹೋದವು. ಸಿನಿಮಾ ಅದೇ, ಎಣಿಸುವ ರೀತಿ ಮಾತ್ರ ಬೇರೆ. ನಿಮ್ಮ ತಮ್ಮನಿಗೂ ಈ ಪ್ರಶ್ನೆ ಬರುತ್ತದೆ. 2018ರ ‘ಕೆಜಿಎಫ್’ ಮತ್ತು 2022ರ ಎರಡನೇ ಭಾಗ ಒಂದು ಸಿನಿಮಾನಾ, ಎರಡಾ? ಚೀಟಿ ಹಂಚುವ ಮೊದಲೇ ಇದನ್ನು ತೀರ್ಮಾನಿಸಿ. ಬಿಚ್ಚಿ ಓದಿದ ಮೇಲೆ ನಿಯಮ ಮಾಡಲು ಹೋದರೆ ಮತ್ತೆ ಜಗಳ.

ಇನ್ನೊಂದು ವಿಷಯ. ಆ ಪತ್ರಿಕೆಯ ಪಟ್ಟಿಯಲ್ಲಿ ಒಬ್ಬರು ಹತ್ತು ಸಿನಿಮಾ ಹೆಸರಿಸುತ್ತಾರೆ, ಹತ್ತಕ್ಕೂ ಸಮಾನ ಮತ. ಮೊದಲು ಬರೆದದ್ದಕ್ಕೆ ಜಾಸ್ತಿ, ಕೊನೆಯದಕ್ಕೆ ಕಡಿಮೆ ಅಂತ ಇಲ್ಲ. ಇದರಿಂದ ಎಲ್ಲರಿಗೂ ಸಾಕಷ್ಟು ಇಷ್ಟವಾಗುವ ಸಿನಿಮಾ ಮೇಲೆ ಬರುತ್ತದೆ. ಅದು ಯಾರಿಗೂ ಪ್ರಾಣವಾಗಿರದಿದ್ದರೂ ಗೆಲ್ಲಬಹುದು. ಸ್ಥಾನಕ್ಕೆ ಅಂಕ ಕೊಡುವುದು ಇನ್ನೊಂದು ದಾರಿ. ಮೊದಲನೆಯದಕ್ಕೆ ಹತ್ತು ಅಂಕ, ಎರಡನೆಯದಕ್ಕೆ ಒಂಬತ್ತು, ಹಾಗೇ ಕೊನೆಯದಕ್ಕೆ ಒಂದು. ಲೆಕ್ಕ ಮಾಡಿ ನೋಡಿ. ‘ಬಂಗಾರದ ಮನುಷ್ಯ’ವನ್ನು ಮೂರು ಜನ ಬರೆದು, ಮೂವರೂ ಅದನ್ನೇ ಮೊದಲಿಗೆ ಇಟ್ಟಿದ್ದಾರೆ ಅಂದುಕೊಳ್ಳಿ. ‘ಮುಂಗಾರು ಮಳೆ’ಯನ್ನು ಐದು ಜನ ಬರೆದು, ಐವರೂ ಆರನೇ ಸ್ಥಾನದಲ್ಲಿ ಇಟ್ಟಿದ್ದಾರೆ. ಬರೀ ಹೆಸರು ಎಣಿಸಿದರೆ ‘ಮುಂಗಾರು ಮಳೆ’ ಐದಕ್ಕೆ ಮೂರರಂತೆ ಗೆಲ್ಲುತ್ತದೆ. ಅಂಕ ಕೂಡಿಸಿದರೆ ‘ಬಂಗಾರದ ಮನುಷ್ಯ’ಕ್ಕೆ 30, ‘ಮುಂಗಾರು ಮಳೆ’ಗೆ 25. ಅಪ್ಪ ಗೆದ್ದರು!

ಯಾವುದು ಸರಿ? ಎರಡೂ ಸರಿ. ಆದರೆ ಮನೆಯ ಆಟಕ್ಕೆ ನಾನು ಅಂಕದ ದಾರಿ ಹೇಳುವುದಿಲ್ಲ. ಮೊದಲ ಎರಡು ಮೂರು ಹೆಸರಿನ ನಂತರ ಯಾರೂ ಸ್ಥಾನವನ್ನು ಮನಸ್ಸಿಟ್ಟು ಬರೆಯುವುದಿಲ್ಲ. ಆರನೆಯದಕ್ಕೂ ಏಳನೆಯದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಯಾರ ಬಳಿಯೂ ಉತ್ತರ ಇರುವುದಿಲ್ಲ. ಇಲ್ಲದ ವ್ಯತ್ಯಾಸಕ್ಕೆ ಅಂಕ ಕೊಟ್ಟು ಏನು ಪ್ರಯೋಜನ?

ಮತ ಒಡೆಯುವುದಕ್ಕೆ ಒಳ್ಳೆಯ ಮದ್ದು ಎರಡು ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲರೂ ಈಗಿನಂತೆ ಹತ್ತು ಬರೆಯಲಿ. ಬಂದ ಎಲ್ಲ ಹೆಸರುಗಳನ್ನೂ ಒಂದು ದೊಡ್ಡ ಹಾಳೆಗೆ ಇಳಿಸಿ, ಗಟ್ಟಿಯಾಗಿ ಓದಿ. ಮಾತಾಡಿ. ಆಮೇಲೆ ಆ ಹಾಳೆಯಿಂದ ಮಾತ್ರ ಪ್ರತಿಯೊಬ್ಬರೂ ಮತ್ತೆ ಹತ್ತು ಆರಿಸಲಿ. ಮೊದಲ ಸುತ್ತಿನಲ್ಲಿ ಅಮ್ಮನಿಗೆ ‘ಕಸ್ತೂರಿ ನಿವಾಸ’ ನೆನಪಿಗೇ ಬಂದಿರುವುದಿಲ್ಲ. ಹೆಸರು ಕಿವಿಗೆ ಬಿದ್ದ ಕೂಡಲೇ “ಅಯ್ಯೋ, ಅದನ್ನ ಹೇಗೆ ಮರೆತೆ” ಅನ್ನುತ್ತಾರೆ. ಚೆದುರಿದ ಮತಗಳು ಎರಡನೇ ಸುತ್ತಿನಲ್ಲಿ ಒಂದಾಗುತ್ತವೆ. ಒಟ್ಟಿಗೆ ಸಿನಿಮಾ ನೋಡಿ ಮಾತಾಡುವ ನಮ್ಮ ಚಿತ್ರ ಸಮಾಜದಲ್ಲಿ ಈ ಆಟ ಆಡಿಸಿದಾಗಲೆಲ್ಲ ಎರಡನೇ ಸುತ್ತಿನ ಪಟ್ಟಿ ಮೊದಲನೆಯದಕ್ಕಿಂತ ಬಹಳ ಬೇರೆಯಾಗಿರುತ್ತದೆ.

ಈಗ ಚಿಕ್ಕಪ್ಪನ ಮಾತಿಗೆ ಬರೋಣ.

ನೀವು ನೋಡದ ಸಿನಿಮಾವನ್ನು ನಿಮ್ಮ ನೆಚ್ಚಿನ ಪಟ್ಟಿಯಲ್ಲಿ ಖಂಡಿತ ಬರೆಯಬೇಡಿ. ಇದರಲ್ಲಿ ಎರಡು ಮಾತೇ ಇಲ್ಲ. ಯಾರೋ ನಕ್ಕರು ಅಂತ ಸೇರಿಸಿದ ಹೆಸರಿನ ಬಗ್ಗೆ ನಿಮಗೆ ಎರಡು ನಿಮಿಷ ಮಾತಾಡಲೂ ಆಗುವುದಿಲ್ಲ. ಆ ಹೆಸರು ಪಟ್ಟಿಯಲ್ಲಿದ್ದರೂ ಪಟ್ಟಿ ನಿಮ್ಮದಾಗಿ ಉಳಿಯುವುದಿಲ್ಲ. ಹಾಗೇ ‘ಗಣೇಶನ ಮದುವೆ’ಯನ್ನು ತೆಗೆಯಲೂಬೇಡಿ.

ಆದರೆ ಚಿಕ್ಕಪ್ಪನ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಅಂತಾರಾಷ್ಟ್ರೀಯ ಸಿನಿಮಾ ವಿಮರ್ಶಕರ ಒಕ್ಕೂಟ ಫಿಪ್ರೆಸ್ಕಿಯ ಭಾರತ ಘಟಕ 2022ರಲ್ಲಿ ಭಾರತದ ಹತ್ತು ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡಿತು. ಮತ ಹಾಕಿದವರು 30 ಸದಸ್ಯರು. ಮೊದಲನೆಯದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’. ಐದನೆಯದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಹತ್ತರಲ್ಲಿ ಅದೊಂದೇ ಕನ್ನಡ ಸಿನಿಮಾ. ‘ಶೋಲೆ’ ಹತ್ತನೆಯದು. ಅಂದರೆ ಚಿಕ್ಕಪ್ಪನ ಬೆನ್ನಿಗೆ ದೇಶದ ವಿಮರ್ಶಕರೇ ಇದ್ದಾರೆ. ಆದರೆ ಚಿಕ್ಕಪ್ಪ ಉತ್ತರ ಕೊಡುತ್ತಿದ್ದ ಪ್ರಶ್ನೆ ಬೇರೆ. ನಿಮ್ಮ ಚೀಟಿ ‘ನನಗೆ ಪದೇ ಪದೇ ನೋಡಬೇಕು ಅನಿಸುವುದು ಯಾವುದು’ ಅನ್ನುವುದಕ್ಕೆ ಉತ್ತರ. ಅವರದ್ದು ‘ಕನ್ನಡದಲ್ಲಿ ದೊಡ್ಡ ಕೆಲಸ ಯಾವುದು’ ಅನ್ನುವುದಕ್ಕೆ. ಎರಡು ಬೇರೆ ಪ್ರಶ್ನೆಗಳ ಉತ್ತರಗಳನ್ನು ಎದುರುಬದುರು ಇಟ್ಟರೆ ಜಗಳ ಆಗದೇ ಇರುತ್ತದಾ? ‘ಸೈಟ್ ಅಂಡ್ ಸೌಂಡ್’ನವರೂ ಶ್ರೇಷ್ಠ ಅಂದರೆ ಏನು ಅಂತ ಹೇಳುವುದಿಲ್ಲ. ಇತಿಹಾಸದಲ್ಲಿ ಮುಖ್ಯವಾದದ್ದೋ, ಕಲೆಯಾಗಿ ಎತ್ತರದ್ದೋ, ನಿಮ್ಮನ್ನು ಹೆಚ್ಚು ಕಲಕಿದ್ದೋ, ಅದನ್ನು ನೀವೇ ನಿರ್ಧರಿಸಿ ಅನ್ನುತ್ತಾರೆ. ಮನೆಯಲ್ಲೂ ಹಾಗೇ ಮಾಡಬಹುದು, ಆದರೆ ಒಂದು ಸಾಲು ಸೇರಿಸಿ. ಚೀಟಿಯ ತಲೆಯ ಮೇಲೆ ಪ್ರತಿಯೊಬ್ಬರೂ ತಾವು ಯಾವ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇವೆ ಅಂತ ಬರೆಯಲಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಉಳಿದ ಅರ್ಧಕ್ಕೆ ಕಾರಣ ಬೇರೆ. ನನ್ನ ಮಟ್ಟಿಗೆ ಅದೇ ಮುಖ್ಯ. ನಮ್ಮ ಪಟ್ಟಿಗಳಲ್ಲಿರುವುದು ನಮ್ಮ ರುಚಿ ಮಾತ್ರ ಅಲ್ಲ. ನಮ್ಮ ತನಕ ಯಾವ ಸಿನಿಮಾ ಬಂದು ಮುಟ್ಟಿತು ಅನ್ನುವುದೂ ಇದೆ.

ಕನ್ನಡದ ಮೊದಲ ಮಾತಿನ ಚಿತ್ರ 1934ರ ‘ಸತಿ ಸುಲೋಚನ’. ಅದು ಯಾರ ನೆಚ್ಚಿನ ಪಟ್ಟಿಯಲ್ಲೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಅದರ ಪ್ರಿಂಟ್ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ತಾನಾಗಿಯೇ ಕೊಳೆಯುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಅದರ ಮೇಲೆ, ಓಡಿ ಮುಗಿದ ಪ್ರಿಂಟುಗಳನ್ನು ಬೆಳ್ಳಿ ತೆಗೆಯಲು ಮಾರುವುದೂ ನಮ್ಮ ದೇಶದಲ್ಲಿ ನಡೆಯುತ್ತಿತ್ತು. ಹೀಗೆ ಕಳೆದುಹೋದ ಸಿನಿಮಾಗಳ ಪರವಾಗಿ ಯಾರೂ ವಾದ ಮಾಡುವ ಹಾಗಿಲ್ಲ. ಈ ವಿಷಯ ಯೋಚಿಸಿದಾಗಲೆಲ್ಲ ನನಗೆ ನಿಜವಾಗಿ ಸಂಕಟವಾಗುತ್ತದೆ.

ಉಳಿದವುಗಳಲ್ಲೂ ಎಲ್ಲವೂ ಎಲ್ಲರಿಗೂ ಸಿಗುವುದಿಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ ‘ಫಣಿಯಮ್ಮ’ 1983ರದ್ದು. ಬಾಲವಿಧವೆಯೊಬ್ಬಳ ಇಡೀ ಬದುಕು, ಹೆಣ್ಣೊಬ್ಬರ ಕಣ್ಣಿನಿಂದ. ಪುಸ್ತಕ ಓದಿದವರು ಮನೆಮನೆಯಲ್ಲಿ ಸಿಗುತ್ತಾರೆ. ಸಿನಿಮಾ ನೋಡಿದವರು ಅಪರೂಪ. ನಿಮ್ಮ ಒಂಬತ್ತು ಚೀಟಿಗಳಲ್ಲಿ ಹೆಂಗಸರು ನಿರ್ದೇಶಿಸಿದ ಒಂದಾದರೂ ಸಿನಿಮಾ ಇದೆಯಾ ನೋಡಿ. ಇಲ್ಲದಿದ್ದರೆ ಅದಕ್ಕೆ ನಿಮ್ಮ ಮನೆಯವರನ್ನು ದೂರಲಾರೆ. ಸಿಕ್ಕಿದ್ದನ್ನೇ ತಾನೇ ನೋಡುವುದು?

ಈ ಕಣ್ಣಿನಿಂದ ಚಿಕ್ಕಪ್ಪನ ಚೀಟಿಯನ್ನು ಮತ್ತೊಮ್ಮೆ ಓದಿ. 1970ರ ದಶಕದಲ್ಲಿ ಕರ್ನಾಟಕದಲ್ಲಿ ಚಿತ್ರ ಸಮಾಜಗಳ ಚಳವಳಿ ಜೋರಾಗಿತ್ತು. ಬೆಂಗಳೂರಿನಲ್ಲಿ ಸುಚಿತ್ರಾ ಫಿಲಂ ಸೊಸೈಟಿ 1971ರಲ್ಲಿ ಶುರುವಾಯಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಊರಿನ ಜನ ಕುರೊಸಾವಾ, ಬರ್ಗ್‌ಮನ್, ರಾಯ್ ಅವರಂಥ ದೊಡ್ಡ ನಿರ್ದೇಶಕರ ಸಿನಿಮಾ ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡುತ್ತಿದ್ದರು. ಅದೇ ಹೊತ್ತಿಗೆ ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಒಂದರ ಹಿಂದೆ ಒಂದು ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ತಂದವು. ಆ ಗಾಳಿಯಲ್ಲಿ ಬೆಳೆದವರಿಗೆ ‘ಘಟಶ್ರಾದ್ಧ’ ಬರೀ ಸಿನಿಮಾ ಅಲ್ಲ, ತಮ್ಮ ಹರೆಯದ ಹೆಮ್ಮೆ. ನಿಮ್ಮ ಚಿಕ್ಕಪ್ಪ ಅದನ್ನು ಎಲ್ಲಿ, ಯಾರ ಜೊತೆ ನೋಡಿದರು ಅಂತ ಕೇಳಿದ್ದೀರಾ? ದೀಪಾವಳಿಗೆ ಮೊದಲು ಅದನ್ನೇ ಕೇಳಿ.

ನೀವು ‘ಗಣೇಶನ ಮದುವೆ’ ನೋಡಿದ್ದು ಬಹುಶಃ ಮನೆಯ ಟಿವಿಯಲ್ಲಿ. ದೂರದರ್ಶನದ ವಾರದ ಸಿನಿಮಾ, ಆಮೇಲೆ 1994ರಲ್ಲಿ ಉದಯ ಟಿವಿ ಬಂದ ಮೇಲೆ ದಿನಾ ಸಿನಿಮಾ. ಮನೆಯವರೆಲ್ಲ ಊಟದ ತಟ್ಟೆ ಹಿಡಿದು ಕೂತು ನಕ್ಕ ಸಿನಿಮಾಗಳು ಆ ತಲೆಮಾರಿನ ಪಟ್ಟಿಗಳಲ್ಲಿ ಇದ್ದೇ ಇರುತ್ತವೆ. ಇರಲೇಬೇಕು. ತಮ್ಮನ ‘ಕೆಜಿಎಫ್’ ದೊಡ್ಡ ಪರದೆ, ಶಿಳ್ಳೆ, ಗೆಳೆಯರ ಗುಂಪು. ಯಾರೂ ತಪ್ಪಾಗಿ ಬರೆದಿಲ್ಲ.

ಹಾಗಾದರೆ ವಾದ ಮಾಡುವುದೇ ಬೇಡ್ವಾ? ಬೇಕು, ಚೆನ್ನಾಗಿ ಬೇಕು! ‘ಅವರವರ ಇಷ್ಟ’ ಅಂತ ಮಾತು ಮುಗಿಸಿಬಿಡುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಇಷ್ಟವಾದದ್ದು ಯಾಕೆ ಇಷ್ಟ ಅಂತ ಹೇಳಲು ಒದ್ದಾಡಿದಾಗಲೇ ನಾವು ಆ ಸಿನಿಮಾವನ್ನು ಸರಿಯಾಗಿ ಕಾಣುವುದು. ನಾನು ಒಂದೇ ಕಟ್ಟಳೆ ಹಾಕುತ್ತೇನೆ. ‘ಸೂಪರ್’, ‘ಮಾಸ್ಟರ್‌ಪೀಸ್’, ‘ಬೋರು’ ಅನ್ನುವ ಹಾಗಿಲ್ಲ. ಒಂದು ದೃಶ್ಯ ಹೇಳಬೇಕು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು.

ನಿಮ್ಮ ಸಿನಿಮಾವನ್ನೇ ತೆಗೆದುಕೊಳ್ಳೋಣ. ‘ಗಣೇಶನ ಮದುವೆ’ 1990ರದ್ದು, ಫಣಿ ರಾಮಚಂದ್ರ ನಿರ್ದೇಶನ. ಒಂದು ವಠಾರ. ಓನರ್ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು, ಬಾಡಿಗೆಗಿರುವ ಗಣೇಶನಾಗಿ ಅನಂತ್ ನಾಗ್. ಇಬ್ಬರಿಗೂ ಆಗಿಬರುವುದಿಲ್ಲ. ಗಣೇಶ ರೇಡಿಯೋದಲ್ಲಿ ಕೇಳುವ ಒಬ್ಬ ಗಾಯಕಿಯ ದನಿಗೆ ಮನಸೋತಿದ್ದಾನೆ. ಆ ದನಿ ತಾನು ದಿನಾ ಜಗಳ ಆಡುವ ಓನರ್ ಮಗಳದ್ದೇ ಅಂತ ಅವನಿಗೆ ಗೊತ್ತಿಲ್ಲ. ಅವಳಿಗೂ ಅವನು ಯಾರು ಅಂತ ಗೊತ್ತಿಲ್ಲ. ನಮಗೆ ಗೊತ್ತು. ಹಾಗಾಗಿ ಅವರಿಬ್ಬರೂ ಕಚ್ಚಾಡುವಾಗ ನಮಗೆ ಎರಡು ಪಟ್ಟು ನಗು. ಪ್ರತಿ ಬೈಗುಳದ ಕೆಳಗೂ ಪ್ರೀತಿ ಇದೆ, ಅದು ಅವರಿಗೆ ಮಾತ್ರ ಕಾಣುತ್ತಿಲ್ಲ. ಇಂಥ ಕಥೆಯಲ್ಲಿ ಒಂದು ಗುಟ್ಟು ಒಂದು ನಿಮಿಷ ಮೊದಲು ಬಿಟ್ಟುಕೊಟ್ಟರೂ ಎಲ್ಲ ಹಾಳು. ಅದನ್ನು ಕೊನೆಯ ತನಕ ಎಳೆದು, ಎಲ್ಲೂ ಸುಸ್ತಾಗಿಸದೆ ನಡೆಸುವುದು ಸಣ್ಣ ಕೆಲಸ ಅಲ್ಲ. ಅನಂತ್ ನಾಗ್ ಅವರ ಮುಖ ನೋಡಿ. ನಗಿಸಲು ಅವರು ಏನೂ ಹೆಚ್ಚಿಗೆ ಮಾಡುವುದಿಲ್ಲ. ಗಣೇಶ ತನ್ನ ಜಗಳವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾನೆ, ಅದಕ್ಕೇ ನಗು ಬರುತ್ತದೆ.

ಈಗ ‘ಘಟಶ್ರಾದ್ಧ’. ಯು.ಆರ್. ಅನಂತಮೂರ್ತಿಯವರ ಕಥೆ, 1977ರ ಕಪ್ಪು–ಬಿಳುಪು ಸಿನಿಮಾ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಮಲೆನಾಡಿನ ಅಗ್ರಹಾರದಲ್ಲಿ ಉಡುಪರ ಮನೆ, ಅಲ್ಲೇ ವೇದ ಕಲಿಯುವ ಹುಡುಗರು. ಹೊಸದಾಗಿ ಬಂದ ಪುಟ್ಟ ನಾಣಿಗೆ ಮನೆಯ ನೆನಪು. ಅವನನ್ನು ನೋಡಿಕೊಳ್ಳುವವಳು ಉಡುಪರ ಮಗಳು, ವಿಧವೆ ಯಮುನಕ್ಕ. ಅವಳು ಬಸಿರಾಗಿದ್ದಾಳೆ. ಇದೆಲ್ಲವನ್ನೂ ಸಿನಿಮಾ ನಮಗೆ ತೋರಿಸುವುದು ಹೆಚ್ಚಾಗಿ ಆ ಹುಡುಗನ ಜೊತೆಯಲ್ಲಿ. ಅವನಿಗೆ ಕಾಣುತ್ತದೆ, ಅರ್ಥವಾಗುವುದಿಲ್ಲ. ನಮಗೆ ಅರ್ಥವಾಗುತ್ತದೆ, ಏನೂ ಮಾಡಲಾಗುವುದಿಲ್ಲ. ಯಮುನಾ ಹಾವಿನ ಹುತ್ತದೊಳಗೆ ಕೈ ಇಡುವ ದೃಶ್ಯದಲ್ಲಿ ಅವಳು ಯಾಕೆ ಹಾಗೆ ಮಾಡುತ್ತಿದ್ದಾಳೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರುವುದು, ಎರಡೂ ಸಿನಿಮಾ ನಿಂತಿರುವುದು ಇದರ ಮೇಲೇ. ಒಂದು ಅದರಿಂದ ನಗಿಸುತ್ತದೆ, ಇನ್ನೊಂದು ಅದೇ ಉಪಾಯದಿಂದ ಗಂಟಲು ಕಟ್ಟಿಸುತ್ತದೆ. ಇದರಿಂದ ಎರಡೂ ಒಂದೇ ತೂಕದವು ಅಂತ ನಾನು ಹೇಳುತ್ತಿಲ್ಲ. ನನ್ನನ್ನು ಕೇಳಿದರೆ ‘ಘಟಶ್ರಾದ್ಧ’ ಕನ್ನಡದ ಅತಿ ದೊಡ್ಡ ಸಿನಿಮಾಗಳಲ್ಲಿ ಒಂದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ‘ಗಣೇಶನ ಮದುವೆ’ಯನ್ನು ಪ್ರೀತಿಯಿಂದ ನೋಡಿದವರಿಗೆ ‘ಘಟಶ್ರಾದ್ಧ’ ನೋಡಲು ಬೇಕಾದ ಕಣ್ಣು ಆಗಲೇ ಇದೆ. ಚಿಕ್ಕಪ್ಪ ನಗುವ ಬದಲು ಇದನ್ನು ಹೇಳಿದ್ದರೆ ನೀವು ಅವತ್ತು ರಾತ್ರಿಯೇ ಹುಡುಕಿ ನೋಡುತ್ತಿದ್ದಿರಿ, ಅಲ್ವಾ?

ತಮ್ಮನ ರೇಟಿಂಗ್ ವಿಷಯ ಬೇಗ ಮುಗಿಸುತ್ತೇನೆ. ಐಎಂಡಿಬಿಯ ದೊಡ್ಡ ಪಟ್ಟಿ, ಅಂದರೆ ಅಗ್ರ 250, ಬರೀ ಸರಾಸರಿ ಅಲ್ಲ. ಕಡಿಮೆ ಜನ ಮತ ಹಾಕಿದ ಸಿನಿಮಾದ ಅಂಕವನ್ನು ಒಟ್ಟಾರೆ ಸರಾಸರಿಯ ಕಡೆಗೆ ಎಳೆಯುವ ಲೆಕ್ಕ ಅಲ್ಲಿದೆ. ಮತ ಹೆಚ್ಚಾದಷ್ಟೂ ಆ ಎಳೆತ ಕಡಿಮೆ. ಅದು ನ್ಯಾಯವಾದದ್ದೇ. ಹತ್ತು ಜನ ಸ್ನೇಹಿತರು ಸೇರಿ ಹತ್ತಕ್ಕೆ ಹತ್ತು ಕೊಟ್ಟರೆ ಸಿನಿಮಾ ಮೇಲೇರಬಾರದು. ಆದರೆ ಆ ಪಟ್ಟಿಗೆ ಬರಲು ಕನಿಷ್ಠ 25,000 ಮತ ಬೇಕು. ಇಂಟರ್‌ನೆಟ್ ಬರುವ ಎಷ್ಟೋ ಮೊದಲು ಬಂದ, ಊರೂರಿನ ಟೆಂಟ್‌ಗಳಲ್ಲಿ ಓಡಿದ ಕಪ್ಪು–ಬಿಳುಪು ಕನ್ನಡ ಸಿನಿಮಾಕ್ಕೆ ಅಷ್ಟು ಜನ ಫೋನಿನಲ್ಲಿ ಅಂಕ ಒತ್ತುವುದು ಎಲ್ಲಿಂದ ಬರಬೇಕು? ಆ ಅಂಕ ಈಗಿನ ಸಿನಿಮಾಗಳನ್ನು ಈಗಿನವರು ಹೇಗೆ ನೋಡುತ್ತಿದ್ದಾರೆ ಅನ್ನುವುದನ್ನು ಹೇಳುತ್ತದೆ. ಅಜ್ಜಿಯ ಹರಿಶ್ಚಂದ್ರನನ್ನು ಅದರಿಂದ ಅಳೆಯಲಾಗದು.

ಹಾಗಂತ ತೀರಾ ಹೊಸ ಸಿನಿಮಾ ಬರೆದದ್ದಕ್ಕೆ ತಮ್ಮನನ್ನು ಯಾರೂ ಬೈಯಬಾರದು. 1952ರ ಮೊದಲ ‘ಸೈಟ್ ಅಂಡ್ ಸೌಂಡ್’ ಪಟ್ಟಿಯಲ್ಲಿ ಗೆದ್ದದ್ದು ಇಟಲಿಯ ‘ಬೈಸಿಕಲ್ ಥೀವ್ಸ್’. ಆಗ ಅದಕ್ಕೆ ನಾಲ್ಕೇ ವರ್ಷ. ಆ ಸಲ ‘ಸಿಟಿಜನ್ ಕೇನ್’ ಮೊದಲ ಹತ್ತರಲ್ಲೇ ಇರಲಿಲ್ಲ. 1962ರಿಂದ 2002ರ ತನಕ ಐದು ಸಲ ಅದೇ ಮೊದಲು ಬಂತು. 2012ರಲ್ಲಿ ‘ವರ್ಟಿಗೋ’, 846 ಜನರ ಮತದಿಂದ. 2022ರಲ್ಲಿ ಮತದಾರರ ಸಂಖ್ಯೆ 1,639ಕ್ಕೆ ಏರಿತು, ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ ಅವರ ‘ಜೀನ್ ಡೀಲ್‌ಮನ್’ ಗೆದ್ದಿತು. ಹೆಂಗಸೊಬ್ಬರ ಸಿನಿಮಾ ಮೊದಲು ಬಂದದ್ದು ಅದೇ ಮೊದಲ ಸಲ. 1975ರ ಸಿನಿಮಾ ಇದ್ದ ಹಾಗೇ ಇದೆ. ಮತ ಹಾಕುವವರು ಬದಲಾದರು, ಪಟ್ಟಿಯೂ ಬದಲಾಯಿತು. ಕನ್ನಡದಲ್ಲೂ ಹೀಗಾಗುತ್ತದೆ. 2014ರಲ್ಲಿ ‘ಉಳಿದವರು ಕಂಡಂತೆ’ ಬಂದಾಗ ಥಿಯೇಟರಿನಲ್ಲಿ ಹೆಚ್ಚು ಓಡಲಿಲ್ಲ. ಈಗ ಹುಡುಗರ ಪಟ್ಟಿಗಳಲ್ಲಿ ಅದು ತಪ್ಪದೆ ಕಾಣುತ್ತದೆ. ಅದಕ್ಕೇ ಚೀಟಿಯ ಮೇಲೆ ಇಸವಿ ಬರೆದು ಎತ್ತಿಡಿ. ತಮ್ಮ ಇನ್ನು ಕೆಲವು ವರ್ಷದ ಮೇಲೂ ‘ಕೆಜಿಎಫ್’ ಬರೆದರೆ ಅದಕ್ಕೆ ಬೇರೆಯೇ ತೂಕ.

ದೀಪಾವಳಿಗೆ ನಾನು ಹೇಳುವ ಇನ್ನೊಂದು ಕೆಲಸ ಸ್ವಲ್ಪ ಹೆಚ್ಚು ಶ್ರಮದ್ದು, ಆದರೆ ಮಾಡಿ ನೋಡಿ. ಮೊದಲ ಸುತ್ತಿನ ದೊಡ್ಡ ಹಾಳೆ ಇರುತ್ತದಲ್ಲ, ಅದರಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಸಂಖ್ಯೆ ಬರೆಯಿರಿ. ನೋಡಿದವರು ಎಷ್ಟು, ಅವರಲ್ಲಿ ಚೀಟಿಯಲ್ಲಿ ಬರೆದವರು ಎಷ್ಟು. ‘ಮುಂಗಾರು ಮಳೆ’ ಒಂಬತ್ತು ಜನ ನೋಡಿ ಐದು ಜನ ಬರೆದಿರಬಹುದು. ‘ತಿಥಿ’ ಮೂವರೇ ನೋಡಿದ್ದು, ಮೂವರೂ ಬರೆದಿರಬಹುದು. ಮೂರಕ್ಕೆ ಮೂರು ಅಂದಾಕ್ಷಣ ಅದು ಐದನ್ನು ಸೋಲಿಸಿತು ಅಂತ ಅಲ್ಲ, ಐಎಂಡಿಬಿಯ ಎಚ್ಚರಿಕೆ ಇಲ್ಲೂ ಬೇಕು. ಆದರೆ ಉಳಿದ ಆರು ಜನ ಅದನ್ನು ಮೊದಲು ನೋಡಬೇಕು ಅನ್ನುವುದಂತೂ ಗೊತ್ತಾಯಿತಲ್ಲ. ಒಬ್ಬರೇ ಬರೆದ ಹೆಸರುಗಳನ್ನು ಜನ ಎಣಿಸುವಾಗ ಬಿಟ್ಟುಬಿಡುತ್ತಾರೆ. ನಾನು ಅವನ್ನೇ ಮೊದಲು ಓದುತ್ತೇನೆ. ಗೆದ್ದ ಸಿನಿಮಾ ಎಲ್ಲರೂ ನೋಡಿದ್ದೇ ಆಗಿರುತ್ತದೆ. ಹೊಸದಾಗಿ ನೋಡಲು ಸಿಗುವುದು ಆ ಒಂಟಿ ಹೆಸರುಗಳಲ್ಲಿ.

‘ತಿಥಿ’ ಅಂದೆ, ಅದನ್ನು ನಿಮ್ಮಲ್ಲಿ ಯಾರೂ ಬರೆದಿಲ್ಲದಿದ್ದರೆ ನನ್ನ ಕಡೆಯಿಂದ ಒಂದು ಮತ ಅಂತ ಸೇರಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ಕ್ಯಾಮೆರಾ ಮುಂದೆ ಯಾವತ್ತೂ ನಿಲ್ಲದ ಊರಿನ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಶುರುವಿನಲ್ಲೇ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ, ಆಮೇಲೆ ಅಲ್ಲೇ ಬಿದ್ದು ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಆಸ್ತಿಯೂ ತಲೆಗೇ ಹತ್ತುವುದಿಲ್ಲ. ಅವನು ನಡೆಯುತ್ತಲೇ ಇರುತ್ತಾನೆ. ನಿಮ್ಮ ಅಪ್ಪನಿಗೆ ಈ ಸಿನಿಮಾ ಇಷ್ಟವಾಗುತ್ತದೆ, ತಮ್ಮನಿಗೂ.

ಕೊನೆಗೆ ‘ಘಟಶ್ರಾದ್ಧ’ ಹೇಗೆ ನೋಡಬೇಕು ಅನ್ನುವುದು. ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ಸರಿಪಡಿಸಿ ಹೊಸದಾಗಿಸಿವೆ. ಆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ತೋರಿಸಲ್ಪಟ್ಟಿತು. ನಿಮ್ಮ ಹತ್ತಿರದ ಚಿತ್ರ ಸಮಾಜದಲ್ಲೋ ಚಿತ್ರೋತ್ಸವದಲ್ಲೋ ಆ ಪ್ರತಿ ಬಂದರೆ ಬಿಡಬೇಡಿ. ಆ ಸಿನಿಮಾದಲ್ಲಿ ಮಬ್ಬು ಬೆಳಕು, ಮನೆಯ ಒಳಗಿನ ಕತ್ತಲು ಎಲ್ಲವೂ ಕಥೆಯ ಭಾಗ. ಸವೆದ ಪ್ರತಿಯಲ್ಲಿ, ಫೋನಿನ ಸಣ್ಣ ಪರದೆಯಲ್ಲಿ ಆ ಕತ್ತಲು ಬರೀ ಕಪ್ಪಾಗಿ ಕಾಣುತ್ತದೆ. ಒಬ್ಬರೇ ನೋಡಬೇಡಿ, ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿ. ನೋಡಿದ ಮೇಲೂ ಅದು ನಿಮ್ಮ ಹತ್ತರಲ್ಲಿ ಬರದಿದ್ದರೆ ಬರೆಯಬೇಡಿ. ಆದರೆ ಯಾಕೆ ಬರಲಿಲ್ಲ ಅಂತ ಒಂದು ದೃಶ್ಯ ಹಿಡಿದು ಅವರಿಗೆ ಹೇಳಿ. ಮತ್ತೆ, ‘ಗಣೇಶನ ಮದುವೆ’ಯನ್ನು ಅವರು ನಿಮ್ಮ ಪಕ್ಕದಲ್ಲಿ ಕೂತು ಪೂರ್ತಿ ನೋಡಬೇಕು ಅಂತ ಮೊದಲೇ ಒಪ್ಪಿಸಿಕೊಳ್ಳಿ.